ಶ್ರುತಿ ಕಡಿಯದ ಸಿ.ಡಿ.

ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಆರಂಭವಾದದ್ದು 1939ರಲ್ಲಿ. ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಲ್ಲಿ ಕುಳಿತು ಕಚೇರಿ ಕೇಳಿದವರಿಗೆ ಗೊತ್ತು: ರಾಗ, ತಾನ, ಪಲ್ಲವಿಗಳು ಒಂದರಿಂದ ಇನ್ನೊಂದಕ್ಕೆ ಹರಿಯುತ್ತವೆ, ತಂಬೂರಿ ನಡುವೆ ಎಲ್ಲೂ ನಿಲ್ಲುವುದಿಲ್ಲ. ಕಚೇರಿಯೊಂದರ ಹಳೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಮೂರು ಭಾಗ ಮಾಡಿ ಸಿ.ಡಿ.ಗೆ ಬರೆದರೆ ಮಾತ್ರ ತಾನ ಮುಗಿದು ಪಲ್ಲವಿ ಬರುವಲ್ಲಿ ಎರಡು ಸೆಕೆಂಡ್ ಮೌನವೋ 'ಟಿಕ್' ಎಂಬ ಸದ್ದೋ ನುಸುಳುವುದುಂಟು. ಕ್ಯಾಸೆಟ್ಟಿನ ಟೇಪು ವರ್ಷ ಕಳೆದಂತೆ ಹಾಳಾಗುತ್ತದೆ. ಮುಂದೆ ಉಳಿಯುವುದು ಈ ಪ್ರತಿಯೇ ಆದ್ದರಿಂದ ದೋಷದ ಮೂಲವನ್ನು ತಿಳಿಯುವುದು ಅಗತ್ಯ.

ಸಿ.ಡಿ.ಯ ಅಳತೆಗೋಲು

ಆಡಿಯೊ ಸಿ.ಡಿ.ಯಲ್ಲಿ ಧ್ವನಿ ತರಂಗದ ಎತ್ತರವನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳ ಸಂಖ್ಯೆಯಾಗಿ ದಾಖಲಿಸಲಾಗುತ್ತದೆ. ಎಡ, ಬಲ ಎಂಬ ಎರಡು ಚಾನೆಲ್‌ಗಳಿರುವುದರಿಂದ ಒಂದು ಸ್ಯಾಂಪಲ್‌ಗೆ 4 ಬೈಟ್ ಬೇಕು. ಈ ಸ್ಯಾಂಪಲ್‌ಗಳು ಬಿಡಿಯಾಗಿ ಅಲ್ಲ, ಸೆಕ್ಟರ್ ಎಂಬ ಕಟ್ಟುಗಳಲ್ಲಿ ಕೂಡುತ್ತವೆ. ಸೆಕೆಂಡಿಗೆ 75 ಸೆಕ್ಟರ್; ಅಂದರೆ ಒಂದು ಸೆಕ್ಟರ್‌ನಲ್ಲಿ 44,100 ÷ 75 = 588 ಸ್ಯಾಂಪಲ್, 2,352 ಬೈಟ್. ಪ್ರತಿಯೊಂದು ಹಾಡೂ (ಟ್ರ್ಯಾಕ್) ಸೆಕ್ಟರ್‌ನ ಗಡಿಯಲ್ಲೇ ಆರಂಭವಾಗಬೇಕು.

ಮೌನ ನುಸುಳುವ ಮೂರು ದಾರಿಗಳು

1. ಬರೆಯುವ ವಿಧಾನ: 'ಟ್ರ್ಯಾಕ್ ಅಟ್ ಒನ್ಸ್' ವಿಧಾನದಲ್ಲಿ ಪ್ರತಿ ಟ್ರ್ಯಾಕ್ ಮುಗಿದೊಡನೆ ಬರೆಯುವ ಲೇಸರ್ ಆರುತ್ತದೆ, ಟ್ರ್ಯಾಕ್‌ಗಳ ನಡುವೆ ಸುಮಾರು ಎರಡು ಸೆಕೆಂಡ್ ಖಾಲಿ ಉಳಿಯುತ್ತದೆ. 'ಡಿಸ್ಕ್ ಅಟ್ ಒನ್ಸ್' ವಿಧಾನದಲ್ಲಿ ಲೇಸರ್ ಮೊದಲಿನಿಂದ ಕೊನೆಯವರೆಗೆ ಎಡೆಬಿಡದೆ ಬರೆಯುತ್ತದೆ. ನಮಗೆ ಬೇಕಾದದ್ದು ಇದೇ.

2. ಅಸಮ ತುಂಡು: ಅಂದಾಜಿನಲ್ಲಿ ಕತ್ತರಿಸಿದ ತುಂಡಿನ ಸ್ಯಾಂಪಲ್‌ಗಳು 588ರಿಂದ ನಿಶ್ಶೇಷವಾಗಿ ಭಾಗವಾಗುವ ಸಾಧ್ಯತೆ 588ರಲ್ಲಿ ಒಂದು ಮಾತ್ರ. ಉಳಿದಂತೆ ಕೊನೆಯ ಸೆಕ್ಟರ್ ಅರೆಬರೆಯಾಗಿರುತ್ತದೆ; ತಂತ್ರಾಂಶವು ಅದನ್ನು ಸಾಮಾನ್ಯವಾಗಿ ಸೊನ್ನೆಗಳಿಂದ ತುಂಬುತ್ತದೆ. ಹೆಚ್ಚೆಂದರೆ 587 ಸೊನ್ನೆ, ಅಂದರೆ 13.3 ಮಿಲಿಸೆಕೆಂಡ್. ಇಷ್ಟು ಕಡಿಮೆ ಅವಧಿ ಕಿವಿಗೆ ತಿಳಿಯುವುದೇ ಎಂದು ನೀವು ಕೇಳಬಹುದು. 150 ಹರ್ಟ್ಸ್‌ನ ಷಡ್ಜದಲ್ಲಿ ಅದು ಎರಡು ಪೂರ್ಣ ಕಂಪನಗಳಷ್ಟು ಕಾಲ. ಅಲ್ಲದೆ ತರಂಗ ಹಠಾತ್ತನೆ ಸೊನ್ನೆಗೆ ಬಿದ್ದಾಗ, ಫೂರಿಯೆ ವಿಶ್ಲೇಷಣೆಯ ಪ್ರಕಾರ, ಆ ಜಿಗಿತದಲ್ಲಿ ಅನೇಕಾನೇಕ ಆವೃತ್ತಿಗಳು ಒಟ್ಟಿಗೆ ಸೇರಿರುತ್ತವೆ. ಅದನ್ನೇ ಕಿವಿ 'ಟಿಕ್' ಎಂದು ಗುರುತಿಸುತ್ತದೆ.

3. ಎಂಪಿ3: ಇದು 1,152 ಸ್ಯಾಂಪಲ್‌ಗಳ ಚೌಕಟ್ಟುಗಳಲ್ಲಿ ಕೆಲಸ ಮಾಡುತ್ತದೆ, ಸಂಕುಚಿಸುವಾಗ ತುಂಡಿನ ಮೊದಲಿಗೂ ಕೊನೆಗೂ ಮೌನ ಸೇರುತ್ತದೆ. ಆದ್ದರಿಂದ ಕ್ಯಾಸೆಟ್ಟನ್ನು ನೇರವಾಗಿ ವೇವ್ ಕಡತವಾಗಿಯೇ ಧ್ವನಿಮುದ್ರಿಸಿಕೊಳ್ಳಿ.

ಮಾಡುವ ಕ್ರಮ

ಕಚೇರಿಯನ್ನು ಕತ್ತರಿಸದೆ ಒಂದೇ ವೇವ್ ಕಡತವಾಗಿ ಇಟ್ಟುಕೊಳ್ಳುವುದು ಅತ್ಯಂತ ಸುರಕ್ಷಿತ. ಟ್ರ್ಯಾಕ್‌ಗಳು ಎಲ್ಲಿ ಆರಂಭವಾಗುತ್ತವೆ ಎಂಬುದನ್ನು 'ಕ್ಯೂ ಶೀಟ್' ಎಂಬ ಪುಟ್ಟ ಪಠ್ಯ ಕಡತದಲ್ಲಿ ನಿಮಿಷ:ಸೆಕೆಂಡ್:ಸೆಕ್ಟರ್ ರೂಪದಲ್ಲಿ ಬರೆಯಿರಿ. ಉದಾಹರಣೆಗೆ, ತಾನದ ಆರಂಭ 23:40:37 ಎಂದಿರಲಿ. ಅದು (23 × 60 + 40) × 75 + 37 = 1,06,537 ಸೆಕ್ಟರ್‌ಗಳ ನಂತರದ ಬಿಂದು; ಗಡಿ ತಪ್ಪುವ ಪ್ರಶ್ನೆಯೇ ಇಲ್ಲ. ಸಿಡಿಆರ್‌ಡಿಎಒ, ಇಮ್ಗ್‌ಬರ್ನ್ ಮುಂತಾದ ಉಚಿತ ತಂತ್ರಾಂಶಗಳು ಕ್ಯೂ ಶೀಟ್ ಓದಿ ಡಿಸ್ಕ್ ಅಟ್ ಒನ್ಸ್ ವಿಧಾನದಲ್ಲಿ ಬರೆಯಬಲ್ಲವು. ಬಿಡಿ ತುಂಡುಗಳೇ ಬೇಕಿದ್ದರೆ ಆಡಾಸಿಟಿಯಲ್ಲಿ ಸಿ.ಡಿ. ಫ್ರೇಮ್‌ಗಳಿಗೆ ಹೊಂದಿಸಿ ಕತ್ತರಿಸಿ. ಸಿ.ಡಿ. ಡ್ರೈವ್ ಇಲ್ಲದ ಕಂಪ್ಯೂಟರಿಗೆ ಯುಎಸ್‌ಬಿ ಮೂಲಕ ಹೊರಗಿನ ಡ್ರೈವ್ ಜೋಡಿಸಬಹುದು.

80 ನಿಮಿಷಕ್ಕಿಂತ ದೀರ್ಘವಾದ ಕಚೇರಿಗೆ ಎರಡು ಸಿ.ಡಿ. ಬೇಕು. ಆಗ ವಿಭಜನೆ ಚಪ್ಪಾಳೆಯ ನಡುವೆ ಇರಲಿ, ಆಲಾಪನೆಯ ನಡುವೆ ಬೇಡ. ಸಿ.ಡಿ.ಯೂ ಶಾಶ್ವತವಲ್ಲ, ಮೂಲ ವೇವ್ ಕಡತವನ್ನು ಬೇರೊಂದು ಡಿಸ್ಕ್‌ನಲ್ಲಿ ಕಾಪಾಡಿ. ಹಂಚುವ ಮೊದಲು ಕಲಾವಿದರ ಅನುಮತಿ ಪಡೆಯಿರಿ.

ಮಾಡಿ ನೋಡಿ

ಆಡಾಸಿಟಿಯಲ್ಲಿ 150 ಹರ್ಟ್ಸ್‌ನ ನಾದವನ್ನು ಒಂದು ನಿಮಿಷ ಸೃಷ್ಟಿಸಿ. ಅದನ್ನು ಒಮ್ಮೆ ಸೆಕ್ಟರ್ ಗಡಿಯಲ್ಲಿ, ಇನ್ನೊಮ್ಮೆ ಗಡಿಯಿಂದ 100 ಸ್ಯಾಂಪಲ್ ಆಚೆ ಕತ್ತರಿಸಿ, ಒಂದೇ ಸಿ.ಡಿ.ಗೆ ಬರೆದು ತರಗತಿಯಲ್ಲಿ ಕೇಳಿಸಿ. ಎರಡನೆಯದರಲ್ಲಿ ಸೇರಿದ 488 ಸೊನ್ನೆಗಳು ಎಷ್ಟು ಮಿಲಿಸೆಕೆಂಡ್ ಎಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ.