ನಿಮಗಿದು ಗೊತ್ತೆ? ಬಾಟಲಿಗೆ ತಕ್ಕ ಲೇಬಲ್

ಕೊಬ್ಬರಿ ಎಣ್ಣೆಯ ಬಾಟಲಿಗೆ ಸಾದಾ ಕಾಗದದ ಲೇಬಲ್ ಅಂಟಿಸಿದರೆ, ಮುಚ್ಚಳದಿಂದ ಜಾರಿದ ಒಂದು ಹನಿ ಅದರ ಅಂಚಿನೊಳಗೆ ಇಳಿದು, ನಾರುಗಳ ನಡುವೆ ಗಾಳಿಯಿದ್ದ ಜಾಗವನ್ನು ತುಂಬಿ, ಬಿಳಿಯ ಕಾಗದದ ಮೇಲೆ ಅರೆಪಾರದರ್ಶಕವಾದ ಕಲೆಯನ್ನು ಉಳಿಸುತ್ತದೆ; ಆದ್ದರಿಂದಲೇ ಎಣ್ಣೆ, ಶಾಂಪೂಗಳ ಬಾಟಲಿಗೆ ಜಿಡ್ಡನ್ನೂ ನೀರನ್ನೂ ಹೀರದ ಪಾಲಿಪ್ರೊಪಿಲೀನ್ ಎಂಬ ತೆಳು ಪ್ಲಾಸ್ಟಿಕ್ ಹಾಳೆ ಹೆಚ್ಚು ಸೂಕ್ತವಾಗಿದೆ. ಹಿಂಡಿ ಬಳಸುವ ಮೆದು ಬಾಟಲಿಗಾದರೆ, ಸುಕ್ಕುಗಟ್ಟದಂತೆ ಅದಕ್ಕಿಂತಲೂ ಬಳುಕುವ ಪಾಲಿಎಥಿಲೀನ್ ಒಳ್ಳೆಯದು.

ಮರಳಿ ತುಂಬುವ ಗಾಜಿನ ಬಾಟಲಿಯ ಲೇಬಲ್ ಐಸ್ ನೀರಿನಲ್ಲಿ ಮುಳುಗಿದರೂ ಹರಿಯಬಾರದು, ಆದರೆ ಕಾರ್ಖಾನೆಯ ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಇಡಿಯಾಗಿ ಕಳಚಿಕೊಳ್ಳಬೇಕು. ಈ ಎರಡು ವಿರುದ್ಧ ಬೇಡಿಕೆಗಳನ್ನು ಪೂರೈಸುವುದಕ್ಕಾಗಿ, ನೆನೆದರೂ ನಾರಿನ ಹಿಡಿತ ಸಡಿಲವಾಗದಂತೆ ರಾಳ ಬೆರೆಸಿದ ವಿಶೇಷ ಕಾಗದವನ್ನು ಬಳಸಲಾಗುತ್ತದೆ. ಇನ್ನು, ಹಿಂಬದಿಯ ಹಾಳೆಯಿಂದ ಸುಲಿದು ಅಂಟಿಸುವ ಬಗೆಯ ಲೇಬಲನ್ನು 1935ರಲ್ಲಿ ಅಮೆರಿಕದ ಸ್ಟ್ಯಾಂಟನ್ ಏವರಿ ಮಾರುಕಟ್ಟೆಗೆ ತಂದರು.

ಮುದ್ರಣದ ಆಯ್ಕೆ ಬಹುಮಟ್ಟಿಗೆ ಸಂಖ್ಯೆಯನ್ನು ಅವಲಂಬಿಸಿದೆ. ಉಬ್ಬಚ್ಚಿನ ಮೆದು ಫಲಕಗಳಿಂದ ಮುದ್ರಿಸುವ ಫ್ಲೆಕ್ಸೋಗ್ರಫಿಯಲ್ಲಿ ಬಣ್ಣಕ್ಕೊಂದು ಫಲಕ ಬೇಕಾಗುವುದರಿಂದ ಅದು ಲಕ್ಷಗಟ್ಟಲೆ ಪ್ರತಿಗಳಿಗೆ ಅಗ್ಗವಾದರೆ, ಫಲಕವೇ ಬೇಡದ ಡಿಜಿಟಲ್ ಮುದ್ರಣವು ಕೆಲವೇ ನೂರು ಬಾಟಲಿಗಳ ಜೇನು, ಉಪ್ಪಿನಕಾಯಿ ಮಾರುವ ಗೃಹೋದ್ಯಮಗಳಿಗೆ ನಿಜವಾದ ವರವಾಗಿದೆ; ಆದರೆ ಇಂಕ್‌ಜೆಟ್ ಬಳಸುವವರು ನೀರಿಗೆ ಹರಡುವ ಡೈ ಶಾಯಿಯನ್ನು ಬಿಟ್ಟು, ಘನಕಣಗಳ ಪಿಗ್ಮೆಂಟ್ ಶಾಯಿಯನ್ನು ಆರಿಸುವುದು ಅಗತ್ಯ. ಬಾಟಲಿಯನ್ನು ಪೂರ್ತಿ ಸುತ್ತುವ, ಬಿಸಿಗೆ ಕುಗ್ಗುವ ತೋಳುಲೇಬಲ್ ಅಂಗಡಿಯಲ್ಲಿ ಕಣ್ಸೆಳೆದರೂ, ಮರುಬಳಕೆ ಘಟಕದ ಬೆಳಕಿನ ಸಂವೇದಕಗಳಿಗೆ ಒಳಗಿನ ಪ್ಲಾಸ್ಟಿಕ್ ಯಾವುದೆಂದು ಗುರುತಿಸಲು ತೊಡಕಾಗುತ್ತದೆ.