ನಿಮಗಿದು ಗೊತ್ತೇ? ತಂತಿ ಇಲ್ಲದೆ ವ್ಯಾಪಾರ

■ ಅರಸೀಕೆರೆಯ ಕೊಬ್ಬರಿ ಧಾರಣೆಗೂ ಮೊಬೈಲ್ ಸಿಗ್ನಲ್ಲಿಗೂ ನಂಟಿದೆ. ರಾಜ್ಯ ಸರ್ಕಾರ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರು ಮಾಡಿತು. ಈ ವ್ಯವಸ್ಥೆಯಲ್ಲಿ ಎಪಿಎಂಸಿಗೆ ಬಂದ ಮಾಲಿನ ಪ್ರತಿ ಲಾಟಿಗೂ ಒಂದು ಸಂಖ್ಯೆ. ವರ್ತಕರು ಆನ್‌ಲೈನಿನಲ್ಲೇ ದರ ಬರೆಯುತ್ತಾರೆ. ಪಕ್ಕದ ಮಂಡಿಯವರು ಎಷ್ಟು ಬರೆದರೆಂದು ಕಾಣುವುದಿಲ್ಲ. ಗೆದ್ದ ದರ ರೈತರ ಮೊಬೈಲಿಗೆ ಎಸ್ಸೆಮ್ಮೆಸ್ ಆಗಿ ಬರುತ್ತದೆ. ಹಿಡಿಸದಿದ್ದರೆ ಮಾಲು ಬಿಟ್ಟುಕೊಡಬೇಕಿಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಉಂಡೆ ಕೊಬ್ಬರಿ, ಇನ್ನೊಂದು ವಾರ ಕಾದರೆ ಕೆಟ್ಟುಹೋಗುವ ಸರಕೂ ಅಲ್ಲ! ಕೇಂದ್ರದ ಇಂಥದೇ ವೇದಿಕೆ ಇ-ನ್ಯಾಮ್ ಬಂದದ್ದು ಇದಾದ ಎರಡು ವರ್ಷಕ್ಕೆ, 2016ರಲ್ಲಿ.

■ ಎಳನೀರಿನ ಗಾಡಿಯಿಂದ ‘ಹಣ ಬಂದಿದೆ’ ಎಂದು ಕೂಗುವ ಡಬ್ಬಿಯೊಳಗೆ ಅದರದ್ದೇ ಒಂದು ಸಿಮ್ ಕಾರ್ಡ್ ಇರುತ್ತದೆ. ಹಾಗಾಗಿ ಗಾಡಿಯವರ ಫೋನ್ ಚಾರ್ಜ್ ಮುಗಿದು ಮಲಗಿದ್ದರೂ ವ್ಯಾಪಾರ ನಿಲ್ಲದು. ಹಣ ಕಳಿಸದೆ ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಜಾರಿಕೊಳ್ಳುವವರಿಗೆ ಈ ಡಬ್ಬಿಯೇ ಕಾವಲು. ಕಾಯಿ ಕೊಚ್ಚುವ ಕೈಗೆ ಬಿಡುವಿಲ್ಲದಿದ್ದಾಗ ಕಿವಿಯೇ ಲೆಕ್ಕ ಇಡುತ್ತದೆ.

■ ಕೀಪ್ಯಾಡ್ ಫೋನಿನಿಂದಲೂ ಯುಪಿಐ ಮಾಡಬಹುದು, ಇಂಟರ್ನೆಟ್ ಇಲ್ಲದೆಯೇ. 2022ರ ಮಾರ್ಚ್‌ನಿಂದ ಈ ಸೌಲಭ್ಯವಿದೆ.

■ 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಫಲಕ ತೂಗಿತು. ಜಿಎಸ್‌ಟಿ ನೋಂದಣಿಯ ಮಿತಿ ಸರಕಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆಗೆ 20 ಲಕ್ಷ. ಗಾಡಿಯಲ್ಲಿ ಕೊಚ್ಚಿ ಕೊಡುವ ಎಳನೀರಿಗಂತೂ ಜಿಎಸ್‌ಟಿಯೇ ಇಲ್ಲ. ಕ್ಯೂಆರ್ ಚೀಟಿ ಹರಿದು ಹಾಕುವ ಮುನ್ನ ಇಷ್ಟು ಗೊತ್ತಿದ್ದರೆ ಒಳ್ಳೆಯದಿತ್ತು.

■ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರ್‌ಗೆ ಅನುಮತಿ ಕಡ್ಡಾಯ. ಅಂದರೆ ಆ ವಲಯದ ಅಂಗಡಿ, ಹೋಟೆಲು ಬಹುಮಟ್ಟಿಗೆ ಇದ್ದ ಗೋಡೆಗಳೊಳಗೇ ಬದುಕಬೇಕು. ಬಿಲ್ಲಿಂಗ್ ಯಂತ್ರ, ಕ್ಯಾಮೆರಾ, ಅಡುಗೆಮನೆಯ ಪ್ರಿಂಟರ್ ಎಲ್ಲವನ್ನೂ ಗೋಡೆ ಕೊರೆಯದೆ ಜೋಡಿಸುವುದಕ್ಕೆ ವೈಫೈಗಿಂತ ಸಲೀಸಾದ ದಾರಿಯಿಲ್ಲ. ವೈಫೈನ ಲಾಭ ಕೇಳಿದರೆ ಎಲ್ಲರೂ ವೇಗವನ್ನು ಹೊಗಳುತ್ತಾರೆ. ನನಗೆ ಕಾಣುವ ದೊಡ್ಡ ಲಾಭ ಈ ಉಳಿದ ಗೋಡೆ.

■ ಆದರೆ ದಪ್ಪ ಕಲ್ಲಿನ ಗೋಡೆ ವೈಫೈಗೆ ಶತ್ರು. ಅಂಥ ಕಡೆ 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್ ತರಂಗ ಹೆಚ್ಚು ದೂರ ತಲುಪುತ್ತದೆ, ವೇಗ ಕಡಿಮೆಯಾದರೂ. ಗಲ್ಲಾಪೆಟ್ಟಿಗೆ ಹಳೆಯ ಕಲ್ಲುಕಟ್ಟಡದಲ್ಲಿದ್ದರೆ ಇದನ್ನೇ ಆರಿಸಿಕೊಳ್ಳಿ.

■ ವೈಫೈಗೆ ಲೈಸೆನ್ಸ್ ಯಾಕೆ ಬೇಡ? 2.4 ಗಿಗಾಹರ್ಟ್ಸ್ ತರಂಗಗಳನ್ನು ಸರ್ಕಾರ 2005ರಲ್ಲೇ ಲೈಸೆನ್ಸಿನಿಂದ ಮುಕ್ತ ಮಾಡಿದೆ. 5 ಗಿಗಾಹರ್ಟ್ಸ್‌ಗೆ ದೊಡ್ಡ ಪ್ರಮಾಣದ ಬಿಡುಗಡೆ ಸಿಕ್ಕಿದ್ದು 2018ರಲ್ಲಿ.

■ ಟೀ ಅಂಗಡಿಯವರೂ ವೈಫೈ ಮಾರಬಹುದು! 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಚಿಕ್ಕ ಅಂಗಡಿ ‘ಸಾರ್ವಜನಿಕ ಡೇಟಾ ಕಚೇರಿ’ ಆಗಬಹುದು, ಲೈಸೆನ್ಸಿಲ್ಲ, ಶುಲ್ಕವಿಲ್ಲ. ಹಳದಿ ಬೋರ್ಡಿನ ಎಸ್‌ಟಿಡಿ ಬೂತಿನ ಮೊಮ್ಮಗ ಅನ್ನಿ. ರೈಲು ಕಾಯುವವರಿಗೆ ಬರವಿಲ್ಲದ ಅರಸೀಕೆರೆ ಜಂಕ್ಷನ್ನಿನಂಥ ಊರಿಗೆ ಹೇಳಿ ಮಾಡಿಸಿದ ಯೋಜನೆ.

■ ಲಾಡ್ಜಿನ ವೈಫೈ ಓಟಿಪಿ ಕೇಳಿದರೆ ಮಾಲೀಕರ ಮೇಲೆ ಸಿಡುಕಬೇಡಿ. ಸಾರ್ವಜನಿಕ ವೈಫೈ ಬಳಸುವವರ ಗುರುತು ದಾಖಲಾಗಬೇಕೆಂದು ದೂರಸಂಪರ್ಕ ಇಲಾಖೆ 2009ರಲ್ಲೇ ಸೂಚಿಸಿದೆ. ಮಾಲೀಕರಿಗೂ ಒಂದು ಮಾತು: ಅತಿಥಿಗಳಿಗೊಂದು ವೈಫೈ, ಬಿಲ್ಲಿನ ಕಂಪ್ಯೂಟರಿಗೆ ಇನ್ನೊಂದು. ಎರಡೂ ಒಂದೇ ಆದರೆ ನಿಮ್ಮ ಲೆಕ್ಕದ ಕೋಣೆಯ ಬಾಗಿಲು ರಸ್ತೆಗೇ ತೆರೆದಂತೆ. ರೌಟರಿನ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ.

■ ಸಾಲು ಅಂಗಡಿಗಳಲ್ಲಿ ಎಲ್ಲರ ವೈಫೈಯೂ ನಿಧಾನವೇ? 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಸಾಮಾನ್ಯವಾಗಿ ಮೂರೇ: 1, 6, 11. ಅಕ್ಕಪಕ್ಕದವರು ಮಾತಾಡಿಕೊಂಡು ಹಂಚಿಕೊಂಡರೆ ಖರ್ಚಿಲ್ಲದೆ ರಿಪೇರಿ.

■ ಅಯ್ಯಂಗಾರ್ ಬೇಕರಿಗಳ ಮೂಲ ಹಾಸನ ಸೀಮೆ ಎನ್ನುತ್ತಾರಲ್ಲ, ಅಲ್ಲಿನವರಿಗಾಗಿ ಇದು: ಮೈಕ್ರೋವೇವ್ ಒಲೆಯೂ 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆ. ಪಫ್ಸ್ ಬಿಸಿ ಮಾಡುವಾಗ ಬಿಲ್ಲಿಂಗ್ ಯಂತ್ರ ತಡವರಿಸಿದರೆ ರೌಟರನ್ನು ಒಲೆಯಿಂದ ದೂರ ಇಡಿ.