ಕಬ್ಬಿನ ಕುಲವನ್ನರಸಿದ ಜಾನಕಿ ಅಮ್ಮಾಳ್

ಮಗಳು ಸಸ್ಯಶಾಸ್ತ್ರವನ್ನೇ ಮುಂದೆ ಓದುವೆನೆಂದರೆ, "ಗಿಡಮರಗಳನ್ನೋದಿ ಆಗುವುದೇನು?" ಎಂದು ನಮ್ಮನ್ನು ಕೇಳುವ ತಾಯಿತಂದೆಗಳು ಇಂದಿಗೂ ಉಂಟು. ಅವರಿಗೂ ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಇ. ಕೆ. ಜಾನಕಿ ಅಮ್ಮಾಳರ ವೃತ್ತಾಂತವನ್ನು ಅರಿಕೆಮಾಡಲು ಇಚ್ಛಿಸುತ್ತೇವೆ.

ಇವರು 1897ರಲ್ಲಿ ಮಲಬಾರಿನ ತಲಚೇರಿಯಲ್ಲಿ ಜನಿಸಿದರು. ತಂದೆಯವರು ನ್ಯಾಯಾಧೀಶರು, ಹಕ್ಕಿಗಳಲ್ಲಿಯೂ ತೋಟದಲ್ಲಿಯೂ ಬಹಳ ಆಸಕ್ತಿಯುಳ್ಳವರು. ಜಾನಕಿಯವರು ಮದ್ರಾಸಿನಲ್ಲಿ ವ್ಯಾಸಂಗ ಮಾಡಿ, ಅಲ್ಲಿನ ಮಹಿಳಾ ಕ್ರೈಸ್ತ ಕಾಲೇಜಿನಲ್ಲಿ ಅಧ್ಯಾಪಿಕೆಯಾಗಿದ್ದಾಗ, ಏಷ್ಯಾಖಂಡದ ಸ್ತ್ರೀಯರಿಗೆಂದೇ ಏರ್ಪಟ್ಟಿದ್ದ ಅಮೆರಿಕದ ಬಾರ್ಬರ್ ವಿದ್ಯಾರ್ಥಿವೇತನವು ದೊರೆಯಿತು. ಮನೆಯಲ್ಲಿ ವಿವಾಹದ ಮಾತು ನಡೆದಿತ್ತು. ಇವರು ವಿದ್ಯೆಯನ್ನೇ ವರಿಸಿದರು. 1931ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಡಾಕ್ಟರ್ ಪದವಿಯನ್ನು ಪಡೆದರು.

ಕೆಂಗೇರಿಯನ್ನು ದಾಟಿ ಮಂಡ್ಯದ ಕಡೆಗೆ ಹೋಗುವವರು ಕಬ್ಬಿನ ಗದ್ದೆಗಳನ್ನು ಕಂಡೇ ಇರುವರು. ರಸಭರಿತವಾದ ದಪ್ಪ ಕಬ್ಬು ಹಿಂದೆ ಉತ್ತರದೇಶದ ಚಳಿಯನ್ನು ತಾಳುತ್ತಿರಲಿಲ್ಲ. ಕೊಯಮತ್ತೂರಿನ ಸಂಶೋಧನಾಲಯದವರು ಅದನ್ನು ಹುಲ್ಲಿನಂತಿರುವ ಕಾಡುಕಬ್ಬಿನೊಡನೆ ಕೂಡಿಸಿ ಗಟ್ಟಿ ತಳಿಗಳನ್ನು ಪಡೆದಿದ್ದರು. ಆದರೆ ಯಾವ ಸಸ್ಯ ಯಾವುದರ ಬಂಧು, ಯಾವ ಕೂಡಿಕೆ ಫಲಿಸೀತು ಎಂಬುದು ಹೊರರೂಪದಿಂದ ತಿಳಿಯತಕ್ಕದ್ದಲ್ಲ. ಜೀವಕೋಶದೊಳಗೆ ವಂಶಗುಣಗಳನ್ನು ಹೊತ್ತ ವರ್ಣತಂತುಗಳೆಂಬ ಎಳೆಗಳುಂಟು. ಅವುಗಳ ಸಂಖ್ಯೆಯು ಕುಲದ ಸುಳಿವನ್ನು ಕೊಡುತ್ತದೆ. 1934ರಿಂದ 1939ರವರೆಗೆ ಜಾನಕಿ ಅಮ್ಮಾಳರು ಇವನ್ನು ಎಣಿಸುತ್ತಾ, ಕಬ್ಬನ್ನು ಮುಸುಕಿನ ಜೋಳವೇ ಮೊದಲಾದ ದೂರದ ನೆಂಟರೊಡನೆಯೂ ಕೂಡಿಸಿ ನೋಡಿದರು. ಈರುಳ್ಳಿಯ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಕಣ್ಣು ನೋಯಿಸಿಕೊಂಡ ನಮ್ಮ ಹುಡುಗಿಯರು ಇದೆಂತಹ ತಾಳ್ಮೆಯ ಕೆಲಸವೆಂಬುದನ್ನು ಬಲ್ಲರು.

ಸರ್ ಸಿ. ವಿ. ರಾಮನ್ ಅವರು 1934ರಲ್ಲಿ ನಮ್ಮ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯು ಮರುವರ್ಷವೇ ಇವರನ್ನು ಸದಸ್ಯರನ್ನಾಗಿ ಆರಿಸಿತು. ಮುಂದೆ ಇಂಗ್ಲೆಂಡಿನಲ್ಲಿ, ಯುದ್ಧದ ಸಂಕಟಕಾಲದಲ್ಲಿ ದುಡಿದು, ಡಾರ್ಲಿಂಗ್ಟನ್ನರೊಡನೆ ಕೃಷಿಸಸ್ಯಗಳ ವರ್ಣತಂತುಗಳನ್ನು ಕುರಿತ ಮಹಾಗ್ರಂಥವನ್ನು 1945ರಲ್ಲಿ ಪ್ರಕಟಿಸಿದರು. ಬಳಿಕ ವಿಸ್ಲಿಯ ಉದ್ಯಾನದಲ್ಲಿ ಮ್ಯಾಗ್ನೋಲಿಯಾ ಗಿಡಗಳನ್ನು ಪರೀಕ್ಷಿಸಿದರು. ನಮ್ಮ ಹೆಣ್ಣುಮಕ್ಕಳು ಮುಡಿಯುವ ಸಂಪಿಗೆಯೂ ಆ ಕುಟುಂಬದ್ದೇ. ಅಲ್ಲಿನ ಬಿಳಿ ಹೂವಿನ ಒಂದು ತಳಿಗೆ ಜಾನಕಿ ಅಮ್ಮಾಳ್ ಎಂದೇ ಹೆಸರಿಟ್ಟರು.

ನೆಹರೂರವರ ಕರೆಯ ಮೇರೆಗೆ 1951ರಲ್ಲಿ ಹಿಂದಿರುಗಿ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯನ್ನು ಪುನಾರಚಿಸುವ ಭಾರವನ್ನು ಹೊತ್ತರು. ಮನುಷ್ಯನು ಭೂಮಿಯ ಮುಖವನ್ನು ಬದಲಿಸುತ್ತಿರುವುದನ್ನು ಚರ್ಚಿಸಲು 1955ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಕೂಡಿದ ವಿದ್ವಾಂಸರ ಸಭೆಗೆ ಆಹ್ವಾನ ಪಡೆದ ಸ್ತ್ರೀ ಇವರೊಬ್ಬರೇ.

ಕೇರಳದ ಸೈಲೆಂಟ್ ವ್ಯಾಲಿ ಅರಣ್ಯವನ್ನು ಅಣೆಕಟ್ಟಿನಲ್ಲಿ ಮುಳುಗಿಸುವ ಯೋಜನೆ ಬಂದಾಗ ಇವರಿಗೆ ಎಂಬತ್ತರ ಪ್ರಾಯ. ವಿರೋಧಿಸಿದವರ ಜೊತೆಗೂಡಿದ್ದಲ್ಲದೆ, ಅಲ್ಲಿನ ಮರಗಳ ವರ್ಣತಂತುಗಳ ಪರಿಶೀಲನೆಯನ್ನೂ ಕೈಗೊಂಡರು. 1984ರ ಫೆಬ್ರವರಿಯಲ್ಲಿ ಕಾಲವಾದರು. ಅದೇ ವರ್ಷದ ನವೆಂಬರಿನಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲ್ಪಟ್ಟಿತು.